ನಿಂತ ವಿಮಾನದ ಕೋಲು

ಸ್ಪ್ರಿಂಗಕ್ಕನ ಕಾರ್ಖಾನೆ ಎಂದರೆ ಒಂದು ಲೇತು, ತಂತಿ ಸುತ್ತುವ ಎರಡು ಯಂತ್ರ, ಮೂಲೆಯಲ್ಲೊಂದು ಕುಲುಮೆ, ಮತ್ತೆ ಗೋಡೆಯ ತುಂಬ ನೇತುಬಿದ್ದ ಸ್ಪ್ರಿಂಗುಗಳು. ಸೋಫಾದ್ದು, ಗೇಟಿನದು, ತೂಕದ ಕಾಟಾದ್ದು, ಹಲ್ಲಿನ ಡಾಕ್ಟರ ಕುರ್ಚಿಯದು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು, ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಬೀದಿಗೆಲ್ಲ ಅವಳು ಸ್ಪ್ರಿಂಗಕ್ಕ. ನಲವತ್ತು ದಾಟಿದರೂ ಕೂತಲ್ಲಿ ಕೂರುವ ಜಾತಿಯಲ್ಲವಾದ್ದರಿಂದ ಹೆಸರಿಗೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ಇಂಥವಳು ಯುದ್ಧವಿಮಾನದ ಸಹವಾಸಕ್ಕೆ ಬಿದ್ದದ್ದು ಆ ಹಲ್ಲಿನ ಡಾಕ್ಟರಿಂದ. ಕುರ್ಚಿ ರಿಪೇರಿಗೆ ಹೋದಾಗ ಅವರೇ ವಿಷಯ ತೆಗೆದರು. ಅವರದೊಂದು ಸಂಘ. ಹಳೆಯ ಗೋದಾಮಿನಲ್ಲಿ ಹದಿನಾರು ಕುರ್ಚಿ, ಹದಿನಾರು ದೊಡ್ಡ ಪರದೆ. ಪ್ರತಿ ಭಾನುವಾರ ಗುಮಾಸ್ತರು, ಲಾರಿ ಡ್ರೈವರುಗಳು, ಮೇಷ್ಟ್ರುಗಳು ಅಲ್ಲಿ ಸೇರಿ ಕಂಪ್ಯೂಟರಿನ ಆಕಾಶದಲ್ಲಿ ಒಬ್ಬರನ್ನೊಬ್ಬರು ಹೊಡೆದುರುಳಿಸುತ್ತಾರೆ. ವಾರವೆಲ್ಲ ಹಲ್ಲು ಕಿತ್ತು ಬೇಸತ್ತವರಿಗೆ ಭಾನುವಾರ ವಿಮಾನ ಕೆಡವುವುದೇ ವಿಶ್ರಾಂತಿಯಂತೆ. ಬಲಗೈಗೆ ಜಾಯ್‌ಸ್ಟಿಕ್, ಅಂದರೆ ವಿಮಾನವನ್ನು ತಿರುಗಿಸುವ ಕೋಲು. ಎಡಗೈಗೆ ಥ್ರಾಟಲ್, ಅಂದರೆ ಎಂಜಿನ್ನಿನ ಬಲವನ್ನು ಏರಿಸಿ ಇಳಿಸುವ ಹಿಡಿ. ಸಂಘದ ಕೋಲುಗಳೆಲ್ಲ ಸವೆದು ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ಹದಿನಾರನ್ನೂ ಒಟ್ಟಿಗೆ ಬದಲಾಯಿಸಬೇಕು, ಆಟಿಕೆಯ ಹಾಗಿರಬಾರದು, ನಿಜವಾದ ವಿಮಾನದ ಹಾಗೇ ಇರಬೇಕು ಎಂದು ಸಂಘ ತೀರ್ಮಾನಿಸಿತ್ತು. ಮಾಡುವವರು ಮಾದರಿ ತರಲಿ, ನಿವೃತ್ತ ಯುದ್ಧವಿಮಾನ ಪೈಲಟ್ಟೊಬ್ಬರು ಪರೀಕ್ಷೆ ಮಾಡುತ್ತಾರೆ ಎಂದು ಹೇಳಿ ಡಾಕ್ಟರು, ನೀವೂ ಒಂದು ಮಾಡಿ ನೋಡಿ ಅಂದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಬರುತ್ತಿದ್ದರು. ಸ್ಪ್ರಿಂಗಕ್ಕ ನಗಲಿಲ್ಲ, ಏಕೆಂದರೆ ಮನೆಯಲ್ಲಿ ಅಪ್ಪ ಇದ್ದರು. ಮೂವತ್ತೊಂದು ವರ್ಷ ಯುದ್ಧವಿಮಾನದ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಕೋಲು, ಅದರ ಕೇಬಲ್ಲು, ಅದರ ಸ್ಪ್ರಿಂಗು, ಇಷ್ಟೇ ಅವರ ಪಾಲಿನ ಕೆಲಸ. ನಿವೃತ್ತರಾದ ಮೇಲೆ ಮಗಳ ಕಾರ್ಖಾನೆಯ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಸೊಟ್ಟ ತಂತಿ ನೆಟ್ಟಗೆ ಮಾಡುತ್ತ ಕೂರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ, ಅವರ ಕೈಯಲ್ಲಿ ಏನಿದೆ ಎಂದು ಈ ಹತ್ತು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಮಗಳೂ ಕೇಳಿರಲಿಲ್ಲ, ಅದು ಅವಳಿಗೆ ಆವತ್ತೇ ಹೊಳೆದು ನಾಚಿಕೆಯಾಯಿತು.

ಮನೆಗೆ ಬಂದು ಅವಳು ಅಪ್ಪನಿಗೆ ವಿಷಯ ಹೇಳಿದಳು. ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೈಲಟ್ಟಿನ ಕುರ್ಚಿ, ಕೋಲು, ಥ್ರಾಟಲ್ಲು, ಎಲ್ಲ ಅಳತೆ ಸಮೇತ ಬರೆದಿತ್ತು.

ಐದು ತಿಂಗಳು ಹಿಡಿಯಿತು. ಥ್ರಾಟಲ್ ಬೇಗ ಮುಗಿಯಿತು. ಕೋಲು ಮಾತ್ರ ಜೀವ ಹಿಂಡಿತು. ಅಪ್ಪನಿಗೆ ಲೆಕ್ಕ ಹೇಳಲು ಬಾರದು, ಅವರ ಲೆಕ್ಕವೆಲ್ಲ ಅಂಗೈಯಲ್ಲಿ. ಕಣ್ಣು ಮುಚ್ಚಿ ಕೋಲು ಆಡಿಸಿ, ಒಂದೆಳೆ ಬಿಗಿ ಅನ್ನುವರು. ಮಗಳು ಬೇರೆ ಸ್ಪ್ರಿಂಗ್ ಸುತ್ತುವಳು. ಒಂದೆಳೆ ಸಡಿಲ ಅನ್ನುವರು. ಮತ್ತೆ ಸುತ್ತುವಳು. ಅರವತ್ತಮೂರನೆಯ ಸ್ಪ್ರಿಂಗಿಗೆ ಅಪ್ಪ ಕಣ್ಣು ತೆರೆದು, ಇದೇ ಅಂದರು. ಆ ಸಂಜೆ ಅವರು ಅಮ್ಮನ ಮುಂದೆ ಗಂಟೆಗಟ್ಟಲೆ ಮಾತಾಡಿದರು. ಗಂಡನ ಬಾಯಲ್ಲಿ ಇಷ್ಟು ಮಾತಿದೆ ಅಂತ ಗೊತ್ತಿದ್ದರೆ ರೇಡಿಯೋ ಕೊಳ್ಳುತ್ತಲೇ ಇರಲಿಲ್ಲ ಎಂದು ಅಮ್ಮ ಅಂದರು.

ಮೊದಲ ಸುತ್ತಿನ ದಿನ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಬಂದರು. ಪರೀಕ್ಷೆಗೆ ಮೂರು ಮಾದರಿಗಳಿದ್ದವು. ಒಂದು ದೊಡ್ಡ ಕಂಪನಿಯದು, ಮೈತುಂಬ ಬಣ್ಣದ ದೀಪ. ಇನ್ನೊಂದು ಮೇಜಿಗೆ ತಿರುಪು ಬಿಗಿದು ಕೂರಿಸುವಂಥದು, ನೋಡಲು ಬಲು ಚೆಂದ. ಮೂರನೆಯದು ನೆಲದ ಮೇಲೆ ಕಾಲುಗಳ ನಡುವೆ ನಿಲ್ಲುವ ಸ್ಪ್ರಿಂಗಕ್ಕನ ಉದ್ದ ಕೋಲು, ಬೂದುಬಣ್ಣ, ಯಾವ ಬೆಡಗೂ ಇಲ್ಲ. ಪರೀಕ್ಷಕರನ್ನು ಸಂಘದವರೆಲ್ಲ ಗಿಡುಗ ಸಾಹೇಬರು ಎನ್ನುತ್ತಿದ್ದರು. ಅಪ್ಪನ ವಯಸ್ಸೇ, ತೆಳ್ಳಗಿನ ಮನುಷ್ಯ. ಅಪ್ಪನ ಶೆಡ್ಡಿನಲ್ಲಿದ್ದ ಜಾತಿಯ ವಿಮಾನವನ್ನೇ ಬೇರೊಂದು ನೆಲೆಯಿಂದ ಹಾರಿಸಿದ್ದವರು. ಅವರ ಕ್ರಮ ಸರಳವಾಗಿತ್ತು. ಕೈಗವಸು ಹಾಕಿಕೊಂಡು ಕೂತು, ಕಣ್ಣು ಮುಚ್ಚಿ ಹಿಡಿ, ಗುಂಡಿ ಎಲ್ಲ ಸವರಿ ನೋಡುವುದು. ಆಮೇಲೆ ಸಂಘದಲ್ಲೇ ಗಟ್ಟಿ ಆಟಗಾರರಾದ ಹಲ್ಲಿನ ಡಾಕ್ಟರ ಜೊತೆ ಪರದೆಯ ಮೇಲೆ ಒಂದು ಕಾಳಗ. ಆಮೇಲೆ ಹಾಳೆಯಲ್ಲಿ ಬರೆಯುವುದು.

ಮೂರು ಕಾಳಗದಲ್ಲೂ ಡಾಕ್ಟರೇ ಗೆದ್ದರು. ಸಾಹೇಬರು ಹಾಳೆ ಬರೆದು ಓದಲು ಸ್ಪ್ರಿಂಗಕ್ಕನ ಕೈಗೆ ಕೊಟ್ಟರು. ಥ್ರಾಟಲ್ ಎಂಬುದರ ಮುಂದೆ ‘ಅಸಲಿ’ ಎಂದಿತ್ತು. ಕೋಲು ಎಂಬುದರ ಮುಂದೆ ಮೂರೇ ಪದ: ‘ನಿಂತ ವಿಮಾನದ ಕೋಲು’.

ಯಾರ ಕೈ ನೋಡಿ ಮಾಡಿದ್ದು ಎಂದು ಅವರು ಕೇಳಿದರು. ಅವಳು ಪಕ್ಕದಲ್ಲಿದ್ದ ಅಪ್ಪನನ್ನು ತೋರಿಸಿ, ಮೆಕ್ಯಾನಿಕ್ ಆಗಿದ್ದರು ಅಂದಳು.

"ಅದೇ ಅಂದ್ಕೊಂಡೆ," ಅಂದರು ಸಾಹೇಬರು. ದನಿಯಲ್ಲಿ ಕುಹಕವಿರಲಿಲ್ಲ. "ನೆಲದ ಮೇಲೆ ನಿಂತ ವಿಮಾನದಲ್ಲಿ ಕೋಲು ಅಚ್ಚು ಹೀಗೇ ಇರುತ್ತೆ. ತಪ್ಪೇನಿಲ್ಲಮ್ಮ. ಆದ್ರೆ ಮೇಲೆ ಹೋದ್ಮೇಲೆ ಗಾಳಿ ವಾಪಸ್ ತಳ್ಳುತ್ತೆ. ತಿರುಗಿಸಿದಷ್ಟೂ ತಳ್ಳುತ್ತೆ. ನಿಮ್ಮ ಕೋಲಲ್ಲಿ ಗಾಳಿ ಇಲ್ಲ."

ದೀಪದ ಕಂಪನಿಯವನು ನಕ್ಕ. ಎರಡನೆಯ ಸುತ್ತು ಹದಿನೈದು ದಿನ ಬಿಟ್ಟು, ಅಷ್ಟರಲ್ಲಿ ಯಾರು ಏನು ಬೇಕಾದರೂ ತಿದ್ದಿಕೊಳ್ಳಬಹುದು, ಪರೀಕ್ಷಕರು ಮಾತ್ರ ಯಾರಿಗೂ ಸಹಾಯ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋಗಿ ಗಾಡಿಯ ಪಕ್ಕ ನಿಂತಿದ್ದರು.

ನೋಡಿ, ಬೇರೆ ಯಾರೂ ಮಾಡಲಾರದಂಥ ತಪ್ಪು ಇದು. ಪೈಲಟ್ಟು ಮಾಡಿದ್ದರೆ ಇಂಥ ತಪ್ಪು ಆಗುತ್ತಿರಲಿಲ್ಲ. ಏನೂ ಗೊತ್ತಿಲ್ಲದವನು ಮಾಡಿದ್ದರೆ ತಪ್ಪು ಇಷ್ಟು ಅಚ್ಚುಕಟ್ಟಾಗಿರುತ್ತಿರಲಿಲ್ಲ. ದಿನಾ ಕೋಲು ಹಿಡಿದು, ಒಂದು ದಿನವೂ ಹಾರದೆ ಇದ್ದವನ ಅಂಗೈಯಿಂದ ಮಾತ್ರ ಇದು ಬರಲು ಸಾಧ್ಯ. ಥ್ರಾಟಲ್ ಸರಿಬಂದದ್ದೂ ಅದಕ್ಕೇ. ಎಂಜಿನ್ನನ್ನು ನೆಲದ ಮೇಲೆ ನಿಲ್ಲಿಸಿಕೊಂಡೇ ಪೂರ್ತಿ ಓಡಿಸಿ ನೋಡುವುದು ಮೆಕ್ಯಾನಿಕ್ಕಿನ ನಿತ್ಯದ ಕೆಲಸ.

ಮರುದಿನ ಅಪ್ಪ ಕಾರ್ಖಾನೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಗಳು ಕರೆದಾಗ ಒಂದೇ ಮಾತು ಹೇಳಿದರು.

"ಅವ್ರು ಬರೆದಿದ್ದು ಕೋಲಿನ ವಿಷಯ ಅಲ್ಲ ಮಗಾ. ನನ್ನ ವಿಷಯ. ಮೂವತ್ತೊಂದು ವರ್ಷ ನಿಂತ ವಿಮಾನದಲ್ಲೇ ಕೂತು ಎದ್ದು ಬಂದೆ."

ಆ ಕ್ಷಣದಿಂದ ಹದಿನಾರು ಕುರ್ಚಿ, ಸಂಘ, ಗೆಲುವು ಯಾವುದೂ ಸ್ಪ್ರಿಂಗಕ್ಕನಿಗೆ ದೊಡ್ಡದಾಗಿ ಉಳಿಯಲಿಲ್ಲ. ಆ ಹಾಳೆಯ ಮೇಲಿನ ಮೂರು ಪದ ಅಳಿಯಬೇಕು. ಬರೆದ ಕೈಯೇ ಅದನ್ನು ಹೊಡೆದುಹಾಕಬೇಕು, ಅದನ್ನು ಅಪ್ಪ ಕಣ್ಣಾರೆ ನೋಡಬೇಕು. ಅಪ್ಪನ ಬಾಯಿಗೆ ಆ ಮಾತು ಹಾಕಿದ್ದೇ ತಾನು, ಆ ಸ್ಟೂಲಿನಿಂದ ಅವರನ್ನು ಎಬ್ಬಿಸಿದ್ದೇ ತಾನು ಎಂಬ ಸಂಕಟ ಬೇರೆ.

ಒಂಬತ್ತು ದಿನ ಅವಳು ಒಬ್ಬಳೇ ಗುದ್ದಾಡಿದಳು. ಗಾಳಿ ವಾಪಸ್ ತಳ್ಳುತ್ತದೆ ಸರಿ, ಎಷ್ಟು ತಳ್ಳುತ್ತದೆ? ಯಾವಾಗ ತಳ್ಳುತ್ತದೆ? ದಪ್ಪ ತಂತಿ ಹಾಕಿದಳು, ಕೋಲು ಒನಕೆಯಾಯಿತು. ತೆಳ್ಳಗೆ ಮಾಡಿದಳು, ಮತ್ತೆ ಬೆಣ್ಣೆಯಾಯಿತು. ಸ್ಪ್ರಿಂಗು ಸುತ್ತುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಎಷ್ಟು ಸುತ್ತಬೇಕು ಎಂದು ಹೇಳುವವರಿಲ್ಲದಿದ್ದರೆ ಆ ವಿದ್ಯೆಯನ್ನು ಉಪ್ಪು ಹಾಕಿಕೊಂಡು ನೆಕ್ಕಬೇಕು. ಸಿಟ್ಟು ಬಂದು ಥ್ರಾಟಲ್ಲನ್ನೂ ಬಿಚ್ಚಿ ಹರಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಮತ್ತೆ ಅದನ್ನು ಜೋಡಿಸುವುದರಲ್ಲಿ ಅರ್ಧ ದಿನ ಹೋಯಿತು.

ಹತ್ತನೆಯ ದಿನ ಮಧ್ಯಾಹ್ನದ ಊಟಕ್ಕೆ ಮೂವರೂ ಕೂತಿದ್ದರು. ಮಗಳು ಅನ್ನ ಕಲಸುತ್ತ, ಅಪ್ಪ, ಹಾರಿಸಿದವರು ಯಾರಾದರೂ ನಿಮ್ಮ ಹತ್ತಿರ ಒಮ್ಮೆಯಾದರೂ ಹೇಳಿರಬೇಕಲ್ಲ, ಅಂದಳು. ಅಪ್ಪ ತಲೆ ಎತ್ತದೆ, ನನಗೆ ನೆಲದ ವಿದ್ಯೆ ಮಾತ್ರ ಗೊತ್ತು, ಮೇಲಿನದು ಗೊತ್ತಿಲ್ಲ ಅಂದರು.

ಅಮ್ಮ ಸೌಟು ಕೆಳಗಿಟ್ಟರು. ಅಮ್ಮನಿಗೆ ವಿಮಾನದ ವಿಷಯ ಏನೂ ತಿಳಿಯದು. ಕೋಲನ್ನು ಅವರು ಈವರೆಗೂ ಗೇರು ಅಂತಲೇ ಕರೆಯುತ್ತಿದ್ದರು.

"ಹಾಗಾದ್ರೆ ದಿನಾ ಸಂಜೆ ಎಡಗೈ ತೋಳಲ್ಲಿ ಐದು ಬೆರಳು ಮೂಡಿಸ್ಕೊಂಡು ಬರ್ತಿದ್ರಲ್ಲ, ಅವು ಯಾರದ್ರೀ?" ಅಂದರು. "ಎಣ್ಣೆ ಹಚ್ಚಿ ಹಚ್ಚಿ ಸಾಕಾದವಳು ನಾನು. ಮದುವೆಯಾದ ಹೊಸದರಲ್ಲಿ ಯಾರ ಹತ್ರಾನೋ ಹೊಡೆದಾಡ್ಕೊಂಡು ಬರ್ತಾರೆ ಅಂದ್ಕೊಂಡಿದ್ದೆ."

ಅಪ್ಪ ಊಟ ನಿಲ್ಲಿಸಿದರು.

ಆ ತೋಳಿನ ಸಂಗತಿ ಹೀಗೆ. ವಿಮಾನ ಇಳಿದು ಶೆಡ್ಡಿನ ಮುಂದೆ ನಿಂತಾಗ ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ವಿಮಾನಗಳ ಎಂಜಿನ್ನುಗಳು ಕಿವಿ ಹರಿಯುವ ಹಾಗೆ ಕೂಗುತ್ತಿರುತ್ತವೆ. ಮೆಕ್ಯಾನಿಕ್ಕು ಏಣಿ ಹತ್ತಿ ಪೈಲಟ್ಟಿನ ಪಕ್ಕ ಬಗ್ಗುತ್ತಾನೆ. ಪೈಲಟ್ಟು ದೂರು ಹೇಳಬೇಕು, ಬಾಯಿ ಬಿಟ್ಟರೆ ಕೇಳುವುದಿಲ್ಲ. ಅದಕ್ಕೇ ಆ ಜಾತಿಯ ವಿಮಾನವಿದ್ದ ಶೆಡ್ಡುಗಳಲ್ಲೆಲ್ಲ ಒಂದು ರೂಢಿ ಬೆಳೆದಿತ್ತು. ಪೈಲಟ್ಟು ಮೆಕ್ಯಾನಿಕ್ಕಿನ ಎಡತೋಳನ್ನೇ ಕೋಲಿನ ಹಾಗೆ ಹಿಡಿದು, ಮೇಲೆ ಕೋಲನ್ನು ಎಷ್ಟು ಎಳೆಯಬೇಕಾಯಿತೋ ಅಷ್ಟೇ ಎಳೆದು ತೋರಿಸುವನು. ಮೆಲ್ಲನೆ ತಿರುಗಿಸಿದಾಗ ಇಷ್ಟು, ಜೋರಾಗಿ ತಿರುಗಿಸಿದಾಗ ಇಷ್ಟು, ಕೆಳಗೆ ಧುಮುಕಿ ಮತ್ತೆ ಮೇಲೆತ್ತುವಾಗ ಇಷ್ಟು. ಮೆಕ್ಯಾನಿಕ್ಕು ತಲೆಯಾಡಿಸುವನು, ಕೆಳಗಿಳಿದು ದೂರಿನ ಪುಸ್ತಕದಲ್ಲಿ ಬರೆದುಕೊಳ್ಳುವನು. ಎಂದಾದರೊಮ್ಮೆ ಪೈಲಟ್ಟು ತಾನೇ ಪುಸ್ತಕ ಈಸಿಕೊಂಡು ‘ದೂರು ಇಲ್ಲ’ ಎಂದು ಬರೆದು ಸಹಿ ಹಾಕುವುದೂ ಇತ್ತು. ಹಾಗೆ ಬರೆಸಿಕೊಂಡ ದಿನ ಅಪ್ಪ ಮನೆಗೆ ಶಿಳ್ಳೆ ಹಾಕುತ್ತ ಬರುತ್ತಿದ್ದರಂತೆ.

ಮೂವತ್ತೊಂದು ವರ್ಷ, ನೂರಾರು ಪೈಲಟ್ಟುಗಳು. ಅಪ್ಪನಿಗೆ ಅದು ದೂರು, ಬರೆದುಕೊಂಡು ಮರೆಯಬೇಕಾದ ನೋವು. ಅದೇ ವಿದ್ಯೆ ಎಂದು ಅವರು ಒಮ್ಮೆಯೂ ಎಣಿಸಿರಲಿಲ್ಲ. ಅವರ ಅಂಗೈ ನಿಂತ ವಿಮಾನವನ್ನು ಬಲ್ಲದು, ಸರಿ. ತೋಳು ಹಾರುವ ವಿಮಾನವನ್ನು ಬಲ್ಲದು.

ಸ್ಪ್ರಿಂಗಕ್ಕ ಎಂಜಲು ಕೈಯಲ್ಲೇ ಎದ್ದು ಕಾರ್ಖಾನೆಗೆ ಓಡಿ ತೂಕದ ಕಾಟಾ ತಂದಳು, ಅವಳೇ ಸ್ಪ್ರಿಂಗು ಹಾಕಿದ್ದು. ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಕೊಕ್ಕೆಗೆ ಚರ್ಮದ ಪಟ್ಟಿ ಸಿಕ್ಕಿಸಿ, ಪಟ್ಟಿಯನ್ನು ತನ್ನ ಮಣಿಕಟ್ಟಿಗೆ ಬಿಗಿದುಕೊಂಡು ತೋಳು ಚಾಚಿದಳು. ಈಗ ಇದು ನಿಮ್ಮ ತೋಳು, ನೀವು ಪೈಲಟ್ಟು ಅಂದಳು. ಅಪ್ಪನಿಗೆ ಸಂಕೋಚ. ಮಗಳ ತೋಳನ್ನು ಹಿಡಿದು ನೋಯಿಸುವುದೆಂದರೇನು? ನೋವಾದರೆ ಎಣ್ಣೆ ಹಚ್ಚಲು ನಾನಿದ್ದೇನೆ, ಅಭ್ಯಾಸ ಇದೆ ಎಂದು ಅಮ್ಮ ಅಂದರು.

ಅಪ್ಪ ಕಣ್ಣು ಮುಚ್ಚಿ ಹಿಡಿದರು. ಮೆಲ್ಲನೆ ತಿರುವು: ಮುಳ್ಳು ಮೂರು ಕಿಲೋದಲ್ಲಿ ನಿಂತಿತು. ಜೋರು ತಿರುವು: ಆರೂವರೆ. ಧುಮುಕಿ ಎತ್ತುವಾಗ: ಹನ್ನೊಂದು. ಇದು ಊಹೆಯೋ ನೆನಪೋ ಎಂದು ಅವಳಿಗೇ ಅನುಮಾನ. ಮತ್ತೊಮ್ಮೆ ಮಾಡಿ ಅಂದಳು. ಮೂರು, ಆರೂವರೆ, ಹನ್ನೊಂದು. ಹಿಂದುಮುಂದಾಗಿ ಕೇಳಿದಳು, ನಡುವೆ ನೀರು ಕುಡಿಸಿ ಕೇಳಿದಳು, ಮಾತಿಗೆಳೆದು ತಟ್ಟನೆ ಕೇಳಿದಳು. ಹತ್ತು ಸಲವೂ ಮುಳ್ಳು ಒಂದು ಕೂದಲೆಳೆ ಆಚೀಚೆ ಆಗದೆ ಅಲ್ಲಲ್ಲೇ ಬಂದು ನಿಂತಿತು. ಕಾಟಾದ ಕಡೆ ಬೆನ್ನು ಹಾಕಿ ನಿಂತಿದ್ದ ಅಪ್ಪ, ಎಷ್ಟು ಬಂತು ಎಂದು ಕೇಳಿದರು. ಅಮ್ಮನೇ ಮುಳ್ಳು ನೋಡಿ, ನಿಮ್ಮ ತೋಳು ನಮ್ಮ ತಕ್ಕಡಿಗಿಂತ ನಿಯತ್ತಿನದು ಕಣ್ರೀ ಅಂದರು.

ಲೆಕ್ಕ ಸಿಕ್ಕ ಮೇಲೆ ಸ್ಪ್ರಿಂಗಕ್ಕನಿಗೆ ಉಳಿದದ್ದು ನೀರು ಕುಡಿದಷ್ಟು ಸಲೀಸು. ಮೇಲಿಂದ ಕೆಳಗೆ ಒಂದೇ ಅಗಲದ ಸ್ಪ್ರಿಂಗಿನಿಂದ ಇದು ಆಗದು. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದಾದದ್ದು ಬೇಕು. ಅದು ಮೊದಲು ಸುಲಭವಾಗಿ ಬಗ್ಗಿ, ಬಗ್ಗಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಹಳೆಯ ಸೋಫಾಗಳಿಗೆ ಅಂಥವನ್ನು ಅವಳು ಸಾವಿರ ಸುತ್ತಿದ್ದಳು. ಅಪ್ಪ ಮತ್ತೆ ಕಾರ್ಖಾನೆಗೆ ಬಂದರು. ಈ ಸಲ ಅವರು ಅಂಗೈಯಲ್ಲಿ ಕೋಲು ಹಿಡಿಯಲಿಲ್ಲ. ಮಗಳು ಬಲಗೈಯಲ್ಲಿ ಕೋಲು ಎಳೆಯುತ್ತ, ಎಡಗೈಯಲ್ಲಿ ಅಷ್ಟೇ ಬಲದಿಂದ ಅವರ ತೋಳು ಎಳೆಯುವಳು. ಅವರು ಹೂಂ ಅಥವಾ ಉಹೂಂ ಅನ್ನುವರು. ನಾಲ್ಕನೆಯ ಸ್ಪ್ರಿಂಗಿಗೆ ಅವರು ಹೂಂ ಅಂದರು.

ಎರಡನೆಯ ಸುತ್ತಿನ ದಿನ ಅಪ್ಪ ಬಂದರು, ಆದರೆ ಮುಂದೆ ಬರಲಿಲ್ಲ. ಗೋದಾಮಿನ ಬಾಗಿಲ ಹತ್ತಿರ, ಕಡೆಯ ಸಾಲಿನ ಕುರ್ಚಿಯಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಪಕ್ಕದಲ್ಲಿ ಅಮ್ಮ. ತೋಳಿನ ಕಥೆಯನ್ನು ಮಗಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೇಳಿ ಕನಿಕರ ಗಿಟ್ಟಿಸುವುದು ಬೇಡವಾಗಿತ್ತು, ಕೋಲೇ ಹೇಳಬೇಕು.

ದೀಪದ ಕಂಪನಿಯ ಕೋಲು ಹಿಡಿದು ಸಾಹೇಬರು ಡಾಕ್ಟರಿಗೆ ನಾಲ್ಕು ನಿಮಿಷದಲ್ಲಿ ಸೋತರು. ಎರಡನೆಯದರಲ್ಲಿ ಜೋರಾಗಿ ಎಳೆದಾಗ ಕೋಲಿನ ಜೊತೆ ಮೇಜೇ ಎದ್ದುಬಂತು, ನಕ್ಕು ಎದ್ದರು. ಆಮೇಲೆ ಬೂದುಬಣ್ಣದ ಕೋಲಿನ ಮುಂದೆ ಕೂತು ಕೈಗವಸು ಸರಿಮಾಡಿಕೊಂಡರು. ಕಣ್ಣು ಮುಚ್ಚಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ, ತಮ್ಮ ಕಡೆಗೆ ಎಳೆದುಕೊಂಡರು. ಅಲ್ಲೇ ತಡೆದರು. ಆಮೇಲೆ ಕಣ್ಣು ತೆರೆದು, ಶುರು ಮಾಡೋಣ ಎಂದು ಡಾಕ್ಟರಿಗೆ ಸನ್ನೆ ಮಾಡಿದರು.

ಆ ಕಾಳಗವನ್ನು ಸಂಘದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಡಾಕ್ಟರು ಎಂದಿನಂತೆ ಹಿಂದಿನಿಂದ ಬಂದು ಬೆನ್ನಿಗೆ ಬಿದ್ದರು. ಸಾಹೇಬರು ಓಡಲಿಲ್ಲ. ಥ್ರಾಟಲ್ ಪೂರ್ತಿ ಮುಂದೆ ನೂಕಿ, ವಿಮಾನವನ್ನು ಮೂಗು ಕೆಳಗೆ ಮಾಡಿ ಧುಮುಕಿಸಿದರು. ಪರದೆಯ ತುಂಬ ನೆಲವೇ ನೆಲ. ಆಟ ಮುಗಿಯಿತು ಎಂದು ಹಿಂದೆ ನಿಂತ ಲಾರಿ ಡ್ರೈವರು ಗೊಣಗಿದ. ಆಗ ಸಾಹೇಬರು ಕೋಲು ಎಳೆದರು. ಕೈಗಿಂತ ಹೆಚ್ಚಾಗಿ ಭುಜದಿಂದ, ಬೆನ್ನಿನಿಂದ, ಹಲ್ಲು ಕಚ್ಚಿ ಎಳೆದರು. ಎಷ್ಟು ಎಳೆದರೆ ಎಷ್ಟು ಏಳುತ್ತದೆ ಎಂಬುದು ಅವರ ಮೈಗೆ ಇಪ್ಪತ್ತು ವರ್ಷದ ಮೇಲೆ ಮತ್ತೆ ತಿಳಿಯುತ್ತಿತ್ತು. ವಿಮಾನ ಮರಗಳ ತಲೆ ಸವರಿಕೊಂಡು ಎದ್ದಿತು. ಹಿಂದೆ ಬಿದ್ದಿದ್ದ ಡಾಕ್ಟರು ಅಷ್ಟು ನಯವಾಗಿ ಎತ್ತಲಾರದೆ ನೆಲಕ್ಕೆ ಬಡಿದರು. ಗೋದಾಮು ಶಿಳ್ಳೆ ಚಪ್ಪಾಳೆಯಲ್ಲಿ ಅದುರಿಹೋಯಿತು. ಸೋತ ಡಾಕ್ಟರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು.

ಸಾಹೇಬರು ಕೈಗವಸು ಬಿಚ್ಚಿ ಎದ್ದರು. ಹಾಳೆ ಇದ್ದ ಮೇಜನ್ನು ದಾಟಿದರು, ಸ್ಪ್ರಿಂಗಕ್ಕನನ್ನು ದಾಟಿದರು, ನೆಟ್ಟಗೆ ಕಡೆಯ ಸಾಲಿಗೆ ಹೋದರು. ಪೈಲಟ್ಟು ಎದುರು ಬಂದರೆ ಎದ್ದು ನಿಲ್ಲುವುದು ಅಪ್ಪನ ಹಳೆಯ ಅಭ್ಯಾಸ. ಪೆಟ್ಟಿಗೆ ಕೆಳಗಿಟ್ಟು ಎದ್ದರು. ಶಿಳ್ಳೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಮಾತಾಡಿದರೆ ಕೇಳಿಸುವಂತಿರಲಿಲ್ಲ. ಸಾಹೇಬರು ಅಪ್ಪನ ಎಡತೋಳನ್ನು ಹಿಡಿದರು. ಮೆಲ್ಲನೆ ಎಳೆದರು. ಇನ್ನಷ್ಟು ಎಳೆದರು. ಆಮೇಲೆ ಬೆರಳು ಊರುವ ಹಾಗೆ ಪೂರ್ತಿ ಎಳೆದರು.

ಮೂರು, ಆರೂವರೆ, ಹನ್ನೊಂದು ಎಂದು ಸ್ಪ್ರಿಂಗಕ್ಕ ನಿಂತಲ್ಲೇ ಎಣಿಸಿದಳು. ಅವಳಿಗೆ ಅಳು ಬಂತು, ಅಳುತ್ತಲೇ ನಕ್ಕಳು.

ಚಪ್ಪಾಳೆ ತಣ್ಣಗಾಯಿತು. ಅಪ್ಪ ತಮ್ಮ ತೋಳನ್ನೇ ನೋಡುತ್ತಿದ್ದರು. ಆಮೇಲೆ ಶೆಡ್ಡಿನಲ್ಲಿ ಕೇಳುತ್ತಿದ್ದ ಹಾಗೇ ಕೇಳಿದರು.

"ದೂರು ಏನು ಸಾರ್?"

"ದೂರು ಇಲ್ಲ," ಅಂದರು ಗಿಡುಗ ಸಾಹೇಬರು.

ಅಪ್ಪನನ್ನು ತೋಳು ಹಿಡಿದೇ ಮೇಜಿನ ಹತ್ತಿರ ಕರೆತಂದು, ಅವರ ಕಣ್ಣೆದುರಿಗೆ ಹಳೆಯ ಹಾಳೆ ತೆಗೆದರು. ‘ನಿಂತ ವಿಮಾನದ ಕೋಲು’ ಎಂಬುದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ದೂರು ಇಲ್ಲ’ ಎಂದು ಬರೆದು ಸಹಿ ಹಾಕಿದರು. ಹದಿನಾರು ಕುರ್ಚಿಗೂ ಇದೇ ಇರಲಿ ಎಂದು ಡಾಕ್ಟರಿಗೆ ಹೇಳಿದ್ದು ಅದರ ನಂತರ. ಅಷ್ಟು ಹೊತ್ತಿಗೆ ದೀಪದ ಕಂಪನಿಯವನು ದೀಪ ಆರಿಸಿಕೊಂಡು ಹೊರಟಿದ್ದ.

ಮನೆಗೆ ಬರುವಾಗ ಗಾಡಿಯಲ್ಲಿ ಅಪ್ಪ ದಾರಿಯುದ್ದಕ್ಕೂ ಶಿಳ್ಳೆ ಹಾಕಿದರು, ಅದೂ ಅಪಸ್ವರದಲ್ಲಿ. ಒಳಗೆ ಕಾಲಿಟ್ಟು ಅಂಗಿಯ ತೋಳು ಮಡಚಿದಾಗ ಅಮ್ಮ ನೋಡಿದರು. ಎಡತೋಳಿನ ಮೇಲೆ ಐದು ಬೆರಳು ಕೆಂಪಗೆ ಎದ್ದಿದ್ದವು. ಅಮ್ಮ ಒಳಗೆ ಹೋಗಿ ಎಣ್ಣೆಯ ಸೀಸೆ ತಂದರು.

ಅಪ್ಪ ತೋಳು ಹಿಂದಕ್ಕೆ ಎಳೆದುಕೊಂಡರು.

"ಇವತ್ತೊಂದಿನ ಬೇಡ ಕಣೇ," ಅಂದರು. "ಇರ್ಲಿ ಬಿಡು."